ಕೆಳಗಲ್ಲಿನ ಕಚ್ಚು

ಒಂದು ಬೀಸುವ ಕಲ್ಲು. ಅದರಲ್ಲಿ ಕೆಳಗಲ್ಲು ಗಂಡ, ಮೇಲುಗಲ್ಲು ಹೆಂಡತಿ. ನಲವತ್ತು ವರ್ಷ ಕೂಡಿ ರಾಗಿ ಬೀಸಿದವರು. ಒಂದು ದಿನ ಮೇಲುಗಲ್ಲು ಬಿದ್ದು ಎರಡು ಹೋಳಾಯಿತು. ಮನೆಯೊಡತಿ ಹೋಳುಗಳನ್ನು ಆಚೆ ಹಾಕಿ, ಒಂಟಿ ಕೆಳಗಲ್ಲನ್ನು ಹಿತ್ತಿಲ ಜಗುಲಿಗೆ ಉರುಳಿಸಿದಳು.

ರಾಗಿ ಕೊಯ್ಲಿನ ಹಿಂದಿನ ದಿನ ಮೊಂಡು ಕುಡುಗೋಲೊಂದು ಅಲ್ಲಿಗೆ ಬಂದು, "ತಾತಾ, ನಿನ್ನ ಮೇಲೆ ಒಂದಿಷ್ಟು ಮಸೆದುಕೊಳ್ಳಲೇ?" ಎಂದು ಕೇಳಿತು.

"ಬೇಡ. ನಾನು ಬೀಸುವವನು."

"ಬೀಸುತ್ತಿದ್ದವಳು ಅಜ್ಜಿ. ನೀನು ಸುಮ್ಮನೆ ಕೂತಿದ್ದೆ."

ಕೆಳಗಲ್ಲಿಗೆ ಬಹಳ ದಿನದ ಮೇಲೆ ನಗು ಬಂತು. "ಹೌದಪ್ಪ, ತಿರುಗಿದ್ದೆಲ್ಲ ಅವಳೇ. ಅವಳಿಗೆ ಹೊಂದಲೆಂದೇ ನನ್ನ ಮೈಗೆ ಉಳಿಯಿಂದ ಈ ಕಚ್ಚು ಹೊಡೆದಿದ್ದು. ನೀನು ಮಸೆದರೆ ಸವೆದುಹೋಗುತ್ತದೆ. ಅವಳು ಇಲ್ಲಿ ಕೂರುತ್ತಿದ್ದಳು ಅನ್ನುವುದಕ್ಕೆ ನನ್ನ ಹತ್ತಿರ ಉಳಿದಿರುವುದು ಇದೊಂದೇ."

ಕುಡುಗೋಲು ದನಿ ತಗ್ಗಿಸಿತು. "ನಾಳೆ ನಾನು ಕೊಯ್ಯದಿದ್ದರೆ ಗುಜರಿಗೆ ಹಾಕುತ್ತಾರೆ, ತಾತಾ."

"ಉಜ್ಜು," ಎಂದಿತು ಕಲ್ಲು.

ಮೊದಲ ಎಳೆತಕ್ಕೇ ಕಚ್ಚಿನೊಳಗಿಂದ ಚಿಟಿಕೆ ಹಿಟ್ಟು ಎದ್ದು ಬಂತು. ಗಂಡ ಹೆಂಡತಿ ಕೊನೆಯ ಸಲ ಬೀಸಿದ ರಾಗಿಯದು. ಕುಡುಗೋಲು ಗಾಬರಿಯಾಗಿ ನಿಂತುಬಿಟ್ಟಿತು.

ಕಲ್ಲು ಆ ಹಿಟ್ಟನ್ನು ಒಂದು ಗಳಿಗೆ ನೋಡಿತು.

"ನಿಲ್ಲಬೇಡ," ಎಂದಿತು. "ಅದು ಇರುವೆಗಿರಲಿ. ನೀನು ಇನ್ನಷ್ಟು ಒತ್ತಿ ಎಳೆ. ನಿನ್ನ ಬಾಯಿ ಎಲ್ಲೆಲ್ಲಿ ಮೊಂಡಾಗಿದೆಯೋ ನನಗೆ ಈಗ ತಿಳಿಯಿತು."