ಊರಾಚೆ ಎಲ್ಲಿದೆ?

ಬಿದಿರುಗೋಟೆಯ ಪಾಳೇಗಾರ ಬಿಲ್ಲಪ್ಪನಾಯಕನಿಗೆ ಮಧ್ಯಾಹ್ನದ ನಿದ್ದೆಯೆಂದರೆ ಪಂಚಪ್ರಾಣ. ರಾಜ್ಯ ಹೋದರೂ ಹೋಗಲಿ, ನಿದ್ದೆ ಕೆಡಬಾರದು. ಅರಮನೆಯ ಹಿಂದಿನ ಬೀದಿಯ ನಿಂಗವ್ವನ ಎಣ್ಣೆಗಾಣ ಅದನ್ನು ಕಿರ್ರೋ ಎಂದು ದಿನಾ ಕೆಡಿಸುತ್ತಿತ್ತು.

"ನಾಳೆ ಸಂಜೆಯೊಳಗೆ ಆ ಗಾಣವನ್ನು ಊರಾಚೆ ಇಡಿಸು. ಆಗದಿದ್ದರೆ ನೀನೇ ಊರಾಚೆ ಹೋಗಿ ಬಿದ್ದಿರು," ಎಂದು ನಾಯಕ ಆಸ್ಥಾನದ ವಿದೂಷಕ ಸಂಕಣ್ಣನಿಗೆ ಅಪ್ಪಣೆ ಮಾಡಿದ.

ಸುದ್ದಿ ಕೇಳಿ ನಿಂಗವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಅಲ್ಲಿಗೆ ಎಣ್ಣೆ ಕೊಳ್ಳೋಕೆ ಯಾರು ಬರ್ತಾರಪ್ಪ, ನರಿಗಳಾ? ನಾನೂ ನನ್ನ ಎತ್ತೂ ಉಪವಾಸ ಬೀಳ್ತೀವಿ ಅಷ್ಟೆ."

ಸಂಕಣ್ಣನ ಹೊಟ್ಟೆ ಚುರ್ ಎಂದಿತು. ಅವಳ ಎಣ್ಣೆಯಲ್ಲಿ ಕರಿದ ಚಕ್ಕುಲಿ ತಿಂದೇ ಬೆಳೆದ ಹೊಟ್ಟೆ ಅದು. "ಅಳಬೇಡವ್ವ. ಮೊದಲು ಆ ಊರಾಚೆ ಎಲ್ಲಿದೆ ಅಂತ ನೋಡ್ಕೊಂಡು ಬರ್ತೀನಿ," ಎಂದು ಹೊರಟ.

ಕೋಟೆ ಬಾಗಿಲ ಹೊರಗೆ ಕಮ್ಮಾರ ತಿದಿ ಒತ್ತುತ್ತಿದ್ದ. "ಇದು ಊರಾಚೆ ತಾನೆ?" ಎಂದು ಸಂಕಣ್ಣ ಕೇಳಿದ.

"ನಮ್ಮನ್ನ ಏನಂದುಕೊಂಡ್ರಿ ಸಂಕಣ್ಣೋರೆ? ಇದು ಊರೇ. ಊರಾಚೆ ಅಂದ್ರೆ ಆ ಕುಂಬಾರರ ಕಡೆ."

ಕುಂಬಾರಗಿತ್ತಿ ಮಡಕೆ ತಟ್ಟುತ್ತಲೇ ಊರಾಚೆ ಅಲ್ಲಿದೆ ಎಂಬಂತೆ ಕೆರೆಯ ಆಚೆಗೆ ಮೂತಿಯಲ್ಲೇ ತೋರಿಸಿದಳು. ಕೆರೆಯಾಚೆಯ ಕುರುಬನಿಗೆ ಸಿಟ್ಟೇ ಬಂತು. "ನಮ್ಮ ಮಾವನ ಮನೆ ಇರೋ ಜಾಗ ಇದು, ಊರಲ್ಲದೆ ಇನ್ನೇನು? ಊರಾಚೆ ಆ ಹಳ್ಳ ದಾಟಿದ ಮೇಲೆ."

ಊರಾಚೆ ಎಂದರೇನೆಂದು ಎಲ್ಲರಿಗೂ ಗೊತ್ತು, ಅಲ್ಲಿ ವಾಸವಾಗಿರುವವನು ಮಾತ್ರ ಒಬ್ಬನೂ ಇಲ್ಲ. ಹಳ್ಳ ದಾಟಿದರೆ ಪಕ್ಕದ ಪಾಳೇಗಾರನ ಮುಳ್ಳುಗೋಟೆ. ಅಲ್ಲಿಯ ಚಾವಡಿಯಲ್ಲಿ ಎಲೆಅಡಿಕೆ ಮೆಲ್ಲುತ್ತಿದ್ದ ಮುದುಕರನ್ನೂ ಸಂಕಣ್ಣ ಕೇಳಿದ. ಅವರ ಉತ್ತರ ಕೇಳಿ ಅವನಿಗೆ ಹಿಡಿಸಲಾರದಷ್ಟು ಹಿಗ್ಗಾಯಿತು.

ಮರುದಿನ ನಾಯಕ ಆಕಳಿಸುತ್ತ ಹೊರಗೆ ಬಂದರೆ ಅರಮನೆಯ ಅಂಗಳದಲ್ಲೇ ನಿಂಗವ್ವನ ಗಾಣ ಹೇರಿದ ಬಂಡಿ.

"ಊರಾಚೆ ಇಡಿಸು ಅಂದರೆ ನನ್ನ ಅಂಗಳಕ್ಕೇ ತಂದಿದ್ದೀಯಲ್ಲೋ?"

"ಅಪ್ಪಣೆಯಂತೆಯೇ ತಂದೆ ಒಡೆಯ. ನಮ್ಮವರಲ್ಲಿ ಒಬ್ಬನೂ ತನ್ನದು ಊರಾಚೆ ಅಂತ ಒಪ್ಪಲಿಲ್ಲ. ಮುಳ್ಳುಗೋಟೆಯವರು ಮಾತ್ರ ಒಂದೇ ಬಾಯಲ್ಲಿ ಹೇಳಿದರು. 'ಹಳ್ಳದಾಚೆ ಬಿಲ್ಲಪ್ಪ ಅಂತ ಯಾರೋ ದೊಡ್ಡ ಮನೆ ಕಟ್ಟಿಕೊಂಡು ಹಗಲೆಲ್ಲ ಮಲಗಿರ್ತಾನಂತಲ್ಲ, ಅದೇ ನಮ್ಮ ಊರಾಚೆ' ಅಂದರು."

ಪಹರೆಯವರು ಮುಖ ತಿರುಗಿಸಿ ನಕ್ಕರು. ನಾಯಕನ ಮೀಸೆ ಅದುರಿತು. "ಹಾಗಾದರೆ ನಾನು ಊರಾಚೆಯವನೇನೋ?"

"ಗಾಣ ಇಲ್ಲೇ ಇಳಿದರೆ ಹೌದು ಒಡೆಯ. ನಿಂಗವ್ವನ ಬೀದಿಗೇ ವಾಪಸು ಹೋದರೆ ತಾವು ನಡು ಊರಿನವರು."

ನಾಯಕ ಹೊಟ್ಟೆ ಹಿಡಿದುಕೊಂಡು ನಕ್ಕ. ಬಂಡಿಯನ್ನು ಹಿಂದಕ್ಕೆ ತಿರುಗಿಸಲು ತಾನೇ ಒಂದು ಕೈ ಹಾಕಿದ.