ರಾಣಿಯ ಲಂಗದ ಕೌದಿ

ನೀವಿದನ್ನು ನಂಬೋದಿಲ್ಲ, ನನಗೆ ಗೊತ್ತು. ನಂಬದವರು ಈಗಲೇ ಎದ್ದು ಹೋಗ್ರಿ, ಬಾಗಿಲು ತೆರೆದೇ ಐತಿ. ತುಂಬಿದ ಸಭೆಯಲ್ಲಿ ರಾಜನ ತಲೆಯನ್ನೇ ಮೂರು ಸಲ ಬಗ್ಗಿಸಿದವನು ನಾನು, ಈ ಯಮನೂರ! ಧೈರ್ಯ ಇದ್ದರೆ ಸುಳ್ಳು ಅನ್ರಿ, ನೋಡೋಣ.

ಹೊಂಗಲಗಡ ಅಂತ ಒಂದು ರಾಜ್ಯ. ಅಲ್ಲಿ ಮಲ್ಲಭೂಪ ಅಂತ ಒಬ್ಬ ರಾಜ. ಅವನಿಗೆ ನಿದ್ದೆ ಇಲ್ಲ. ಕುಂತರೆ ಏಳುತ್ತಿದ್ದ, ಎದ್ದರೆ ಸುತ್ತುತ್ತಿದ್ದ, ಮಲಗಿದರೆ ಹೊರಳುತ್ತಿದ್ದ. ರಾಜನಿಗೆ ನೆಮ್ಮದಿ ಇಲ್ಲದ ಮೇಲೆ ಅರಮನೆಗೆಲ್ಲಿ? ಕಾವಲಿನವರು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಅಡುಗೆಯವರು ಗಾಬರಿಯಲ್ಲಿ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದರು.

ಕೊನೆಗೆ ರಾಣಿ ಅಂದಳು, "ನನ್ನ ಹಳೇ ಸ್ಯಾಟಿನ್ ಲಂಗ ಮೂರು ಅದಾವು. ಕೆಂಪು, ಹಸಿರು, ಹಳದಿ. ಕತ್ತರಿಸಿ ಕೌದಿ ಹೊಲಿಸೋಣ. ಮನೆಯವರು ಉಟ್ಟ ಬಟ್ಟೆ ಮೈಮೇಲಿದ್ದರೆ ನಿದ್ದೆ ಹತ್ತೀತು."

ಕೌದಿ ಅಂದ ಮೇಲೆ ನನ್ನ ಸೋದರತ್ತೆ ನೀಲವ್ವನನ್ನು ಬಿಟ್ಟು ಇನ್ಯಾರನ್ನು ಕರೆದಾರು? ಅತ್ತೆ ಅರಮನೆಯ ಅಂಗಳದಲ್ಲಿ ಕುಂತಳು. ಸ್ಯಾಟಿನ್ ಸಾಮಾನ್ಯದ ಬಟ್ಟೆಯಲ್ಲ. ಹಿಡಿದರೆ ಜಾರುತ್ತದೆ, ಮಡಚಿದರೆ ಬಿಚ್ಚಿಕೊಳ್ಳುತ್ತದೆ, ಗಂಟು ಹಾಕಿದರೆ ಸಡಿಲಾಗುತ್ತದೆ. ಅತ್ತೆ ಕೆಳಗೆ ನೂಲಿನ ಹಳೇ ಸೀರೆ ಹಾಸಿ, ಮೇಲೆ ಸ್ಯಾಟಿನ್ ತುಂಡು ಜೋಡಿಸಿ, ಅಂಚಿನಿಂದ ಸುತ್ತ ಸುತ್ತ ನಡುವಿನ ಕಡೆಗೆ ಹೊಲಿಯುತ್ತ ಬಂದಳು.

ಸಂಜೆಯಾದರೆ ಉಳಿದ ಬಟ್ಟೆಯನ್ನು ಉಗ್ರಾಣದ ಅಧಿಕಾರಿ ನಿಂಗರಾಯ ಒಳಗಿಡುತ್ತಿದ್ದ. ಮೊದಲ ದಿನ ಕೆಂಪು ತುಂಡುಗಳು ಕಾಣೆ. ಎರಡನೆಯ ದಿನ ಹಸಿರು ಕಾಣೆ. ಮೂರನೆಯ ದಿನ ಹಳದಿಯೂ ಕಾಣೆ. ಕೌದಿಯ ನಡುವೆ ಬರೀ ಹಳೇ ಸೀರೆ ಇಣುಕುತ್ತಿತ್ತು.

"ಈ ಮುದುಕಿಯೇ ಕದ್ದಾಳ!" ಅಂತ ನಿಂಗರಾಯ ಕೂಗಿದ.

ಕಾವಲಿನವರು ಅತ್ತೆಯ ಗಂಟು ಬಿಚ್ಚಿಸಿದರು, ಬುಟ್ಟಿ ಮಗುಚಿದರು, ಸೆರಗು ಜಾಡಿಸಿದರು. ಏನೂ ಇಲ್ಲ.

"ಹಂಗಾದರ ನುಂಗ್ಯಾಳ!" ಅಂದ ನಿಂಗರಾಯ.

"ಹೌದಪ್ಪಾ, ರೊಟ್ಟಿ ಸಿಗಲಿಲ್ಲ, ಲಂಗ ತಿಂದೆ," ಅಂದಳು ಅತ್ತೆ.

ನಿದ್ದೆಗೆಟ್ಟ ರಾಜನಿಗೆ ತಾಳ್ಮೆ ಎಲ್ಲಿಂದ ಬರಬೇಕು? "ಹೊತ್ತು ಮುಳುಗೋದರೊಳಗ ಬಟ್ಟೆ ಸಿಗದಿದ್ದರ ಈಕಿ ಹೆಬ್ಬೆರಳು ಕತ್ತರಿಸ್ರಿ!" ಅಂದುಬಿಟ್ಟ. ಹೆಬ್ಬೆರಳು ಹೋದರೆ ಸೂಜಿ ಹೋಯಿತು. ಸೂಜಿ ಹೋದರೆ ಅತ್ತೆಯ ಅನ್ನವೇ ಹೋಯಿತು.

ಸುದ್ದಿ ಕೇಳಿದ್ದೇ ನಾನು ಓಡಿದೆ. ನನ್ನ ಓಟ ನೋಡಿದ್ದರೆ ರಾಜನ ಕುದುರೆ ನಾಚಿಕೊಂಡು ಹುಲ್ಲು ಬಿಡುತ್ತಿತ್ತು.

ಸಭೆಗೆ ನುಗ್ಗಿದೆ. ಹೊತ್ತು ಇಳಿಯುತ್ತಿತ್ತು. ರಾಜ ಆ ಕಡೆ ಈ ಕಡೆ ತಿರುಗುತ್ತಿದ್ದ. ನಿಂಗರಾಯ ಒಂದೊಂದು ಮಾತು ಮುಗಿದಾಗಲೂ ತಲೆಯ ಪೇಟವನ್ನು ಮೇಲಕ್ಕೆ ತಳ್ಳಿಕೊಳ್ಳುತ್ತಿದ್ದ. ತಳ್ಳಿದ, ಜಾರಿತು. ತಳ್ಳಿದ, ಜಾರಿತು. ನೂಲಿನ ಪೇಟ ಯಾಕೆ ಜಾರಬೇಕು? ನನಗೆ ಅರ್ಥವಾಯಿತು. ಬಾಗಿಲಲ್ಲಿ ಎಲ್ಲರ ಗಂಟು ಬಿಚ್ಚಿಸುತ್ತಾರೆ, ಅಧಿಕಾರಿಯ ಪೇಟಕ್ಕೆ ಕೈ ಹಾಕುವವರು ಯಾರು? ಹಾಕಿದರೆ ಅವನ ಮಾನಕ್ಕೇ ಕೈ ಹಾಕಿದಂತೆ. ನಾನೂ ಹಾಕಲಿಲ್ಲ.

"ಮಹಾರಾಜರೇ, ಬಟ್ಟೆ ಸಿಗತೈತಿ," ಅಂದೆ. "ಕೌದಿ ಮುನಿಸಿಕೊಂಡೈತಿ. ಇಲ್ಲಿದ್ದವರೆಲ್ಲ ಅದಕ್ಕ ಮೂರು ಸಲ ಬಗ್ಗಿ ನಮಸ್ಕಾರ ಮಾಡಬೇಕು. ನೀವೂ ಮಾಡಬೇಕು."

"ಏ ಗಮಾರ! ಅರಮನೆ ರೀತಿ ನಿನಗೇನು ಗೊತ್ತೋ?" ಅಂತ ನಿಂಗರಾಯ ಗದರಿದ.

"ಅರಮನೆ ಗೊತ್ತಿಲ್ಲ ಧಣಿ, ಕೌದಿ ಗೊತ್ತು. ಬಗ್ಗಾಕ ನಡಾ ನೋಯತೈತೇನು?"

ನಿದ್ದೆಗಾಗಿ ರಾಜ ಏನು ಬೇಕಾದರೂ ಮಾಡುವವನಿದ್ದ. ಬಗ್ಗಿದ. ಎಲ್ಲರೂ ಬಗ್ಗಿದರು. ನಿಂಗರಾಯನ ಪೇಟ ಹುಬ್ಬಿಗೆ ಬಂತು. ಎರಡನೆಯ ಸಲ ಬಗ್ಗಿದರು. ಪೇಟ ಮೂಗಿಗೆ ಬಂತು.

"ಮೂರನೇದು ಹಣೆ ನೆಲಕ್ಕ ಹತ್ತಬೇಕು! ಕೈ ಎರಡೂ ಮುಗಿದಿರಬೇಕು, ಧಣಿ!" ಅಂತ ಕೂಗಿದೆ.

ಬಗ್ಗಿದ. ನಿಂಗರಾಯನ ಪೇಟ ದೊಪ್ಪನೆ ಬಿತ್ತು. ಉರುಳಿತು, ಬಿಚ್ಚಿತು, ಒಳಗಿಂದ ಹಳದಿ ಸ್ಯಾಟಿನ್ ಜಾರಿಕೊಂಡು ಬಂದು ರಾಣಿಯ ಕಾಲ ಬಳಿ ನಿಂತಿತು.

"ಅಯ್ಯ, ಇದು ನನ್ನ ಲಂಗ!" ಅಂದಳು ರಾಣಿ. "ಕತ್ತರಿಸೋ ಮೊದಲು ನಾನು ಜರಿ ಬಿಚ್ಚಿದ ಸೂಜಿ ತೂತು ಇನ್ನೂ ಹಂಗೇ ಅದಾವು!"

ಕೆಂಪು, ಹಸಿರು ಅವನ ಮನೆಯ ಪೆಟ್ಟಿಗೆಯಲ್ಲಿ ಸಿಕ್ಕವು. ರಾಜ ಅವನ ಅಧಿಕಾರ ಕಿತ್ತುಕೊಂಡು ಅತ್ತೆಯ ಮುಂದೆ ಕೂರಿಸಿದ.

"ಬಾರಪ್ಪಾ," ಅಂದಳು ಅತ್ತೆ, "ಕೌದಿ ಮುಗಿಯೋತನಕ ಸೂಜಿಗೆ ದಾರ ಪೋಣಿಸು. ಎಂಜಲು ಹಚ್ಚಿ ಚೂಪು ಮಾಡು, ಹಂಗ ಹೋಗೋದಿಲ್ಲ."

ಕೌದಿ ಮುಗಿಯಿತು. ರಾಜ ಹೊದ್ದುಕೊಂಡ. ಒಮ್ಮೆ ಹೊರಳಿದ, ಇನ್ನೊಮ್ಮೆ ಹೊರಳಿದ, ಮೂರನೆಯ ಸಲಕ್ಕೆ ಗೊರಕೆ ಹೊಡೆದ.

ತಿಳೀತೇನು? ಕದಿಯುವುದು ತಪ್ಪು. ಕದ್ದು ಅದನ್ನು ಬಡವರ ಮೇಲೆ ಹೊರಿಸುವುದು ಇನ್ನೂ ದೊಡ್ಡ ತಪ್ಪು. ಅಂಥವನು ಎಷ್ಟೇ ದೊಡ್ಡವನಿರಲಿ, ಒಂದು ದಿನ ಎಲ್ಲರ ಕಣ್ಣೆದುರು ಸಿಕ್ಕಿಬೀಳುತ್ತಾನೆ.

ನಾನು ಅರ್ಧ ರಾಜ್ಯ ಕೇಳಿದೆ. ರಾಜ ಮಲಗಿದ್ದ. ರಾಣಿ ನನಗೆ ಒಂದು ಎಮ್ಮೆ ಕೊಟ್ಟಳು.