ಯಂತ್ರಮಾನವನ ಮರದ ಕೈ

ಶಿವನಂಜ ಹಳೆಯ ಆಟಿಕೆಗಳಿಗೆ ಬೆಲೆ ಕಟ್ಟುವವನು. ಅಂಥವನ್ನು ಕೂಡಿಡುವ ಹವ್ಯಾಸದವರು ಅವನನ್ನು ಕೇಳದೆ ಒಂದನ್ನೂ ಕೊಳ್ಳುತ್ತಿರಲಿಲ್ಲ. ಸೋಮವಾರ ಮಾತ್ರ ಅಂಗಡಿ ಮುಚ್ಚಿ ಹೊಳೆಮಠದ ಸ್ವಾಮಿಗಳ ಬಳಿಗೆ ಬರುತ್ತಿದ್ದ.

ಆ ಸೋಮವಾರ ಬಂದವನು ಅಡ್ಡಬಿದ್ದು ಏಳಲೇ ಇಲ್ಲ.

“ಏಳಪ್ಪ. ನಮ್ಮ ನೆಲಕ್ಕೂ ಬೆಲೆ ಕಟ್ತಾ ಇದ್ದೀಯೇನು?” ಎಂದರು ಸ್ವಾಮಿಗಳು.

ಅವನು ಎದ್ದು ಕೂತ. ನಗಲಿಲ್ಲ. ಜೇಬಿನಿಂದ ಬೆರಳುದ್ದದ ಮರದ ಕೈಯೊಂದನ್ನು ತೆಗೆದು ಮುಂದಿಟ್ಟ. ಬೂದು ಬಣ್ಣದ ಅರಗು ಬಳಿದಿತ್ತು. ಭುಜದ ಬೆಣೆ ಮುರಿದಿತ್ತು.

“ತಪ್ಪು ಮಾಡಿದೆ, ಬುದ್ಧಿ.”

“ಯಾರದಿದು?”

“ಒಂದು ಯಂತ್ರಮಾನವನ ಗೊಂಬೆಯದು. ಆಕಾಶದಲ್ಲಿ ಕತ್ತಿ ಹಿಡಿದು ಯುದ್ಧ ಮಾಡೋ ಕಥೆಯದು. ಪರದೇಶದ್ದು, ನಲವತ್ತು ವರ್ಷ ಹಳೇದು. ಗುರುವಾರ ಜುಲೇಖಾ ಅನ್ನೋ ಹೆಂಗಸು ತಂದಿದ್ದಳು. ಮೈಯೆಲ್ಲ ಪ್ಲಾಸ್ಟಿಕ್, ಬಲಗೈ ಮಾತ್ರ ಮರ. ಅವಳು ಚಿಕ್ಕವಳಿದ್ದಾಗ ಮೊದಲಿನ ಕೈಯನ್ನು ನಾಯಿ ಕಚ್ಚಿ ಹಾಕಿತ್ತಂತೆ. ಅವಳ ತಂದೆ ಬುಡನ್ ಸಾಬರು ಮರದ ಬೊಂಬೆ ಮಾಡೋರು. ಅವರೇ ಈ ಕೈ ಕಡೆದು ಕೂರಿಸಿದ್ದರು.”

“ಚೆನ್ನಾಗಿ ಕೂರಿಸಿದ್ದರೇನು?”

“ಅದನ್ನು ನಾನು ನೋಡಲೇ ಇಲ್ಲ. ನಮ್ಮ ಕಸುಬಿನಲ್ಲಿ ಕೈ ಇಲ್ಲದ ಗೊಂಬೆಗೆ ಬೆಲೆ ಉಂಟು, ಬುದ್ಧಿ. ಬೇರೆ ಕೈ ಹಾಕಿಸಿಕೊಂಡದ್ದಕ್ಕೆ ಇಲ್ಲ. ಆಕೆ ಏನೋ ಹೇಳೋಕೆ ಬಾಯಿ ತೆರೆದಳು. ‘ಇರಮ್ಮ, ನಿಮಗೇ ಲಾಭ’ ಅಂತ ಕಿತ್ತುಬಿಟ್ಟೆ. ‘ಬಲಗೈ ಇಲ್ಲ, ಉಳಿದದ್ದು ಉತ್ತಮ’ ಅಂತ ಚೀಟಿ ಬರೆದುಕೊಟ್ಟೆ.”

“ಆಕೆ ಏನಂದಳು?”

“ಚೀಟಿ ಓದಿದಳು. ‘ಮಾರೋಕೆ ತಂದಿರಲಿಲ್ಲ ಅಣ್ಣ. ಅಪ್ಪನಿಗೆ ಈಗ ಕಣ್ಣಿಲ್ಲ. ನನ್ನ ಕೆಲಸಾನ ತಿಳಿದೋರಿಗೆ ತೋರಿಸಿ, ಏನಂತಾರೆ ಕೇಳ್ಕೊಂಡು ಬಾ ಅಂತ ಕಳಿಸಿದ್ರು’ ಅಂದಳು. ಗೊಂಬೆ ಎತ್ತಿಕೊಂಡು ಹೋದಳು. ಕೈ ನನ್ನ ಮೇಜಿನ ಮೇಲೇ ಉಳಿಯಿತು.”

ಸ್ವಾಮಿಗಳು ಆ ಕೈಯನ್ನೆತ್ತಿಕೊಂಡು ಮೊಣಕೈಯ ಹತ್ತಿರ ಒತ್ತಿದರು. ಅದು ಸದ್ದಿಲ್ಲದೆ ಮಡಚಿಕೊಂಡಿತು.

“ಗೊಂಬೆಯ ಇನ್ನೊಂದು ಕೈಯೂ ಹೀಗೆ ಮಡಚಿಕೊಳ್ಳುತ್ತದೆಯೆ?”

“ಇಲ್ಲ ಬುದ್ಧಿ. ಕಂಪನಿಯವರು ಮೊಣಕೈಗೆ ಕೀಲೇ ಇಟ್ಟಿಲ್ಲ. ಕತ್ತಿ ಎತ್ತೋಕೆ ಭುಜ ತಿರುಗಿದರೆ ಸಾಕಲ್ಲ.”

“ಸಾಬರು ಯಾಕೆ ಇಟ್ಟರು?”

ಶಿವನಂಜ ತಲೆ ತಗ್ಗಿಸಿದ.

“ಊಟಕ್ಕೆ ಕೂತಾಗ ಗೊಂಬೆಯೂ ತುತ್ತು ಎತ್ತಿ ಬಾಯಿಗಿಡಬೇಕು ಅಂತ ಮಗಳು ಹಟ ಮಾಡಿದ್ದಳಂತೆ. ನಿನ್ನೆ ಆಕೆಯೇ ಹೇಳಿದಳು.”

“ನಿನ್ನೆ ಅವರ ಮನೆಗೆ ಹೋಗಿದ್ದೆಯಾ?”

“ಸಾಬರ ಕಾಲು ಹಿಡಿದು ಇದನ್ನು ಒಪ್ಪಿಸೋಣ ಅಂತ ಹೋದೆ. ಜುಲೇಖಾ ಬೀದಿಯಲ್ಲೇ ತಡೆದಳು. ‘ಅಪ್ಪ ಗೊಂಬೆ ತಡವಿ ನೋಡಿ ಕೈ ಎಲ್ಲಿ ಮಗಳೇ ಅಂದ್ರು. ಅಂಗಡಿಯೋರು ತುಂಬ ಮೆಚ್ಚಿಕೊಂಡ್ರು, ತಮ್ಮ ಹತ್ರಾನೇ ಇಟ್ಕೊಂಡ್ರು ಅಂದೆ. ಆವತ್ತಿಂದ ಬಂದೋರಿಗೆಲ್ಲ ಅದನ್ನೇ ಹೇಳ್ತಾ ಕೂತಿದಾರೆ. ದಯವಿಟ್ಟು ಒಳಗೆ ಬರಬೇಡಿ ಅಣ್ಣ’ ಅಂದಳು. ಬಾಗಿಲ ಸಂದಿಯಲ್ಲಿ ಸಾಬರು ಕಾಣ್ತಾ ಇದ್ದರು. ಯಾರ ಹತ್ತಿರವೋ ನಗುನಗುತ್ತಾ ಮಾತಾಡ್ತಿದ್ದರು.”

ಶಿವನಂಜ ಹೊಳೆಯ ಕಡೆ ತಿರುಗಿದ.

“ಕಾಲು ಹಿಡಿಯೋ ಹಾಗಿಲ್ಲ, ಬಾಯಿ ಬಿಡೋ ಹಾಗಿಲ್ಲ. ರಾತ್ರಿ ಕಣ್ಣು ಮುಚ್ಚಿದರೆ ಆ ಬೆಣೆ ಮುರಿದ ಸದ್ದು. ಇದನ್ನು ಹೊಳೆಗೆ ಬಿಡಲೆ, ಬುದ್ಧಿ? ಇಲ್ಲಾ ನಿಮ್ಮ ಮಠದಲ್ಲೇ ಇಟ್ಟುಹೋಗಲೆ?”

ಸ್ವಾಮಿಗಳು ಮರದ ಕೈಯನ್ನು ಅವನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಮಡಚಿದರು.

“ಹಾಗಾದರೆ ನನ್ನ ಭಾರ ಇಳಿಸಿಕೊಳ್ಳೋದು ಎಲ್ಲಿ?” ಎಂದ ಶಿವನಂಜ.

“ನಿನ್ನೆ ಆ ಮುದುಕರ ತಲೆ ಮೇಲೆ ಇಳಿಸೋಕೆ ಹೊರಟಿದ್ದೆಯಲ್ಲಪ್ಪ. ಮೆಚ್ಚಿ ಇಟ್ಟುಕೊಂಡರು ಅಂತ ಮಗಳು ಹೇಳಿದ್ದಾಳೆ. ಇಟ್ಟುಕೋ.”